ಉಪ್ಪುನೀರಿನ ಮೀನುತೊಟ್ಟಿಗೆ ಮರಳು ಹಾಸು: ಆಯ್ಕೆ ಮತ್ತು ಆರೈಕೆ

(ಕರಾವಳಿ ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಕರಾವಳಿಯ ರೈತರಿಗೆ ಉಪ್ಪುನೀರು ಹೊಸದಲ್ಲ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುವ ಪದ್ಧತಿ ತಲೆತಲಾಂತರದಿಂದ ಬಂದಿದೆ. ಈಚಿನ ವರ್ಷಗಳಲ್ಲಿ ಸಮುದ್ರದ ಅಲಂಕಾರಿಕ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಆಸಕ್ತಿಯೂ ಬೆಳೆದಿದೆ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನು ಮೊದಲಾದವುಗಳನ್ನು ಮರಿ ಉತ್ಪಾದನಾ ಕೇಂದ್ರದಲ್ಲಿಯೇ ಮರಿ ಮಾಡಿಸುವ ವಿಧಾನವನ್ನು ರೂಢಿಗೆ ತಂದಿದ್ದಾರೆ. ಇದರಿಂದ ಸಮುದ್ರದ ಮೀನನ್ನು ಸಮುದ್ರದಿಂದ ಹಿಡಿಯದೆಯೂ ಸಾಕಬಹುದಾಗಿದೆ.

ಈ ಕಸುಬಿಗೆ ಕೈಹಾಕುವವರು ಮೀನಿನ ಬಗ್ಗೆ, ಮೇವಿನ ಬಗ್ಗೆ, ದೀಪದ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ತೊಟ್ಟಿಯ ತಳಕ್ಕೆ ಹಾಕುವ ಮರಳಿನ ಬಗ್ಗೆ ವಿಚಾರಿಸುವವರು ಕಡಿಮೆ. ಮರಳೆಂದರೆ ಮರಳು, ಅದರಲ್ಲೇನಿದೆ ಎಂಬ ಭಾವನೆ. ಈ ಭಾವನೆ ತಪ್ಪು.

ಒಂದು ಮನೆಯನ್ನು ಊಹಿಸಿಕೊಳ್ಳಿ. ಸಾಲ ಮಾಡಿ ನಾಲ್ಕು ಅಡಿ ಉದ್ದದ ತೊಟ್ಟಿ ತಂದಿದ್ದಾರೆ. ಎರಡು ವರ್ಷದಿಂದ ಮೀನುಗಳು ಸೊಗಸಾಗಿವೆ. ಒಂದು ಜೋಡಿ ಕಲ್ಲಿನ ಮೇಲೆ ಮೊಟ್ಟೆ ಇಡಲು ಆರಂಭಿಸಿದೆ. ಹಬ್ಬ ಹತ್ತಿರ ಬಂತೆಂದು ಮನೆ ತೊಳೆಯುವಾಗ ತೊಟ್ಟಿಯನ್ನೂ ಶುಚಿ ಮಾಡೋಣವೆಂದು ಮನೆಯ ಹುಡುಗ ಐದಾರು ಅಂಗುಲ ದಪ್ಪದ ಮರಳನ್ನು ತಳದವರೆಗೆ ಕೆದಕಿ ತಿರುವಿಹಾಕುತ್ತಾನೆ. ಕಪ್ಪು ಬಗ್ಗಡ ಏಳುತ್ತದೆ, ಕೊಳೆತ ಮೊಟ್ಟೆಯ ವಾಸನೆ ಮನೆ ತುಂಬುತ್ತದೆ. ಬೆಳಗಾಗುವುದರೊಳಗೆ ಮೀನುಗಳು ತೇಲುತ್ತವೆ. ಹುಡುಗ ಮಾಡಿದ್ದು ಸೋಮಾರಿತನವಲ್ಲ, ಶ್ರದ್ಧೆಯ ಕೆಲಸವೇ. ಆದರೆ ಮರಳಿನೊಳಗೆ ಏನಿದೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಇಂದಿನ ಮಾತು ಅದನ್ನು ಕುರಿತದ್ದು.

ಗದ್ದೆಯಲ್ಲಿ ನಷ್ಟ, ತೊಟ್ಟಿಯಲ್ಲಿ ಲಾಭ

ನೀರು ನಿಂತ ಭತ್ತದ ಗದ್ದೆಯನ್ನು ತಾವೆಲ್ಲ ಬಲ್ಲಿರಿ. ಮೇಲ್ಪದರದ ಕೆಸರು ಕಂದು ಬಣ್ಣದ್ದು. ಅದರ ದಪ್ಪ ಕೆಲವು ಮಿಲಿಮೀಟರಿನಿಂದ ಒಂದು ಸೆಂಟಿಮೀಟರಿನವರೆಗೆ ಮಾತ್ರ. ನೀರಿನಲ್ಲಿ ಕರಗಿದ ಆಮ್ಲಜನಕ ಅಲ್ಲಿಯವರೆಗೆ ಇಳಿಯುತ್ತದೆ. ಕಾಲು ಅದಕ್ಕಿಂತ ಕೆಳಗೆ ಇಳಿದರೆ ಬೂದು ಇಲ್ಲವೆ ಕಪ್ಪು ಕೆಸರು ಸಿಗುತ್ತದೆ. ಅಲ್ಲಿ ಆಮ್ಲಜನಕವಿಲ್ಲ. ಈ ಎರಡು ಪದರಗಳ ವಿಚಾರವನ್ನು ಜಪಾನಿನ ಮಣ್ಣು ವಿಜ್ಞಾನಿಗಳು ಕಳೆದ ಶತಮಾನದ ಪೂರ್ವಾರ್ಧದಲ್ಲಿಯೇ ವಿವರಿಸಿದರು.

ಯೂರಿಯಾವನ್ನು ನೀರಿನ ಮೇಲೆ ಎರಚಿದರೆ ಅದು ಮೊದಲು ಅಮೋನಿಯಾ ರೂಪಕ್ಕೆ ಬರುತ್ತದೆ. ಮೇಲ್ಪದರದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್, ಅನಂತರ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಕೆಳಗಿನ ಪದರಕ್ಕೆ ಇಳಿಯುತ್ತದೆ. ಅಲ್ಲಿ ಬೇರೊಂದು ಗುಂಪಿನ ಜೀವಿಗಳು ಉಸಿರಾಟಕ್ಕೆ ಆಮ್ಲಜನಕ ಸಿಗದೆ ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಬಳಸಿಕೊಂಡು, ಸಾರಜನಕವನ್ನು ಅನಿಲವಾಗಿ ಗಾಳಿಗೆ ಬಿಡುತ್ತವೆ. ದುಡ್ಡು ಕೊಟ್ಟು ತಂದ ಗೊಬ್ಬರ ಹೀಗೆ ಹಾರಿಹೋಗುತ್ತದೆ. ಈ ಕಾರಣದಿಂದಲೇ ಯೂರಿಯಾವನ್ನು ಕೆಸರಿನ ಒಳಗೆ ಸೇರಿಸಬೇಕೆಂದು ಹೇಳುವುದು.

ಮೀನುತೊಟ್ಟಿಯಲ್ಲಿಯೂ ಇದೇ ಕ್ರಿಯೆ ನಡೆಯುತ್ತದೆ, ಆದರೆ ಲೆಕ್ಕ ತಿರುವುಮುರುವಾಗುತ್ತದೆ. ಮೀನಿನ ಮಲಮೂತ್ರ, ತಿಂದುಳಿದ ಮೇವು ಕೊಳೆತು ಅಮೋನಿಯಾ ಬರುತ್ತದೆ. ಅಮೋನಿಯಾ ಮೀನಿಗೆ ವಿಷ, ನೈಟ್ರೈಟೂ ವಿಷ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲವಾದರೂ ಸೇರುತ್ತ ಹೋದರೆ ಪಾಚಿ ಬೆಳೆಯುತ್ತದೆ, ಹವಳದಂತಹ ಜೀವಿಗಳು ಸೊರಗುತ್ತವೆ. ಮರಳಿನ ಮೇಲ್ಪದರ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ. ಕೆಳಪದರ ಆ ನೈಟ್ರೇಟನ್ನು ಅನಿಲ ಮಾಡಿ ಹೊರಗೆ ಹಾಕುತ್ತದೆ. ಗದ್ದೆಯಲ್ಲಿ ನಷ್ಟವಾಗಿದ್ದದ್ದು ತೊಟ್ಟಿಯಲ್ಲಿ ಲಾಭವಾಯಿತು.

ಆದರೆ ಒಂದು ಎಚ್ಚರಿಕೆ. ಸಮುದ್ರದ ಪ್ರತಿ ಲೀಟರ್ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಮರಳಿನ ತಳದಲ್ಲಿ ಕೊಳೆ ತುಂಬಿ, ನೈಟ್ರೇಟೂ ಮುಗಿದಾಗ ಇನ್ನೊಂದು ಬಗೆಯ ಜೀವಿಗಳು ಈ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವಾಗಿ ಮಾರ್ಪಡಿಸುತ್ತವೆ. ಗಜನಿಯ ಕೆಸರನ್ನು ತುಳಿದಾಗ ಬರುವ ವಾಸನೆ ಇದರದೇ. ಮರಳನ್ನು ಕದಡದೆ ಇದ್ದರೆ ಈ ಅನಿಲ ಮೇಲೇರುವಾಗ ಆಮ್ಲಜನಕದ ಪದರದಲ್ಲಿಯೇ ಬಹುಮಟ್ಟಿಗೆ ನಿರ್ವಿಷವಾಗುತ್ತದೆ. ಒಮ್ಮೆಲೇ ಕೆದಕಿದರೆ ವಿಷ ನೇರವಾಗಿ ನೀರಿಗೆ ಬರುತ್ತದೆ, ನೀರಿನ ಆಮ್ಲಜನಕವೂ ಅದರೊಂದಿಗೆ ಖರ್ಚಾಗುತ್ತದೆ. ಆ ಹುಡುಗನ ತೊಟ್ಟಿಯಲ್ಲಿ ಆದದ್ದು ಇದೇ.

ಮರಳು ಬೇಕೇ ಬೇಕೆ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಮರಿಗಳನ್ನು ಮಾರಾಟದ ಗಾತ್ರಕ್ಕೆ ಬೆಳೆಸುವ ತೊಟ್ಟಿಗೂ ಹೊಸ ಮೀನನ್ನು ಪ್ರತ್ಯೇಕವಾಗಿ ಇಟ್ಟು ನೋಡುವ ತೊಟ್ಟಿಗೂ ಮರಳು ಬೇಡ. ಬರಿಯ ತಳವಿದ್ದರೆ ಕೊಳೆಯನ್ನು ದಿನವೂ ಕೊಳವೆಯಿಂದ ಹೀರಿ ತೆಗೆಯಬಹುದು, ಔಷಧೋಪಚಾರವೂ ಸುಲಭ. ಅಂತಹ ತೊಟ್ಟಿಗೆ ಬೇರೆ ಶೋಧಕ ಇರಬೇಕು.

ಪ್ರದರ್ಶನದ ತೊಟ್ಟಿಗೆ ಮತ್ತು ಮರಳನ್ನೇ ಮನೆ ಮಾಡಿಕೊಳ್ಳುವ ಮೀನುಗಳಿಗೆ ಮರಳು ಅಗತ್ಯ. ಕೆಲವು ಜಾತಿಯ ರಾಸ್ ಮೀನುಗಳು ರಾತ್ರಿ ಮರಳಿನಲ್ಲಿ ಹೂತುಕೊಂಡು ಮಲಗುತ್ತವೆ. ಕೆಲವು ಗೋಬಿ ಮೀನುಗಳು ಮರಳನ್ನು ಬಾಯಿಗೆ ತೆಗೆದುಕೊಂಡು ಜರಡಿ ಹಿಡಿದು ಆಹಾರ ಹುಡುಕುತ್ತವೆ. ಇವುಗಳನ್ನು ಬರಿಯ ಗಾಜಿನ ಮೇಲೆ ಸಾಕಲಾಗದು.

ಯಾವ ಮರಳು ಉತ್ತಮ?

ಮರಳಿನಲ್ಲಿ ಮುಖ್ಯವಾಗಿ ಎರಡು ಬಗೆ. ಹವಳ, ಚಿಪ್ಪುಗಳಿಂದ ಆದ ಸುಣ್ಣದ ಮರಳು ಒಂದು. ಬೆಣಚುಕಲ್ಲಿನಿಂದ ಆದದ್ದು ಇನ್ನೊಂದು. ಉಪ್ಪುನೀರಿನ ತೊಟ್ಟಿಯ ರಸಸಾರ 8.1ರಿಂದ 8.3ರ ಸುಮಾರಿಗೆ ಇರಬೇಕು. ಸುಣ್ಣದ ಮರಳಿನ ಒಳಗೆ ಹುಳಿ ಹೆಚ್ಚಿದಾಗ ಅದು ಸ್ವಲ್ಪ ಸ್ವಲ್ಪವಾಗಿ ಕರಗಿ ನೀರಿಗೆ ಸುಣ್ಣದ ಅಂಶವನ್ನು ಕೊಡುತ್ತದೆ. ಹುಳಿಮಣ್ಣಿಗೆ ಸುಣ್ಣ ಹಾಕಿದ ಹಾಗೆಯೇ ಇದು. ಬೆಣಚುಮರಳು ಮೀನಿಗೆ ಕೇಡು ಮಾಡುವುದಿಲ್ಲ, ಆದರೆ ಈ ಉಪಕಾರವನ್ನೂ ಮಾಡುವುದಿಲ್ಲ.

ಎರಡನ್ನೂ ಗುರುತಿಸುವುದು ಸುಲಭ. ಒಣಮರಳಿನ ಮೇಲೆ ನಾಲ್ಕು ಹನಿ ವಿನೆಗರ್ ಅಥವಾ ನಿಂಬೆರಸ ಹಾಕಿ. ನೊರೆ ಬಂದರೆ ಸುಣ್ಣದ ಮರಳು, ಬರದಿದ್ದರೆ ಬೆಣಚು. ಅನಂತರ ಅಯಸ್ಕಾಂತವನ್ನು ಮರಳಿನಲ್ಲಿ ಆಡಿಸಿ. ಕಪ್ಪು ಕಾಳುಗಳು ಅಂಟಿಕೊಂಡರೆ ಅದರಲ್ಲಿ ಕಬ್ಬಿಣದ ಖನಿಜವಿದೆ. ಅಂತಹ ಮರಳನ್ನು ಬಿಡುವುದು ಲೇಸು. ಕೊನೆಗೆ ಒಂದು ಹಿಡಿ ಮರಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಚೆನ್ನಾಗಿ ಕಲಕಿ ಎರಡು ನಿಮಿಷ ಬಿಡಿ. ನೀರು ಇನ್ನೂ ಬಗ್ಗಡವಾಗಿದ್ದರೆ ಜೇಡಿಯ ಅಂಶ ಹೆಚ್ಚಾಗಿದೆಯೆಂದು ತಿಳಿಯಬೇಕು. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಚೂಪಾಗಿದ್ದು ಧೂಳಿನಿಂದ ಕೂಡಿರುತ್ತದೆ, ಅದು ಬೇಡ.

ಕಾಳಿನ ಗಾತ್ರಕ್ಕೆ ಅಡಿಗೆಮನೆಯ ಅಳತೆ ಸಾಕು. ತೆಳು ಹಾಸಿಗೆ ಉಪ್ಪಿಟ್ಟಿನ ರವೆಯಿಂದ ಸಾಸಿವೆ ಕಾಳಿನವರೆಗಿನ ಗಾತ್ರ, ಅಂದರೆ ಸುಮಾರು 1ರಿಂದ 2 ಮಿ.ಮೀ. ಇರಲಿ. ದಪ್ಪ ಹಾಸಿಗೆ ಚಿರೋಟಿ ರವೆಯಷ್ಟು ನಯವಾದದ್ದು ಬೇಕು. ಸಾಸಿವೆಗಿಂತ ದಪ್ಪವಾದ ಹರಳಿನ ಸಂದಿಗಳಲ್ಲಿ ಮೇವಿನ ಚೂರು ಇಳಿದು ಕೊಳೆಯುತ್ತದೆ.

ಹವಳದ ಮರಳೇ ಶ್ರೇಷ್ಠವೆಂದು ಕೇಳಿ ಅದನ್ನು ಹುಡುಕಿಕೊಂಡು ಹೋಗಬಾರದು. ನಮ್ಮ ದೇಶದಲ್ಲಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಲಕ್ಷದ್ವೀಪವಿರಲಿ, ನಮ್ಮದೇ ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪವಿರಲಿ, ಅಲ್ಲಿಂದ ಹವಳದ ತುಂಡು ತರುವುದು ಅಪರಾಧ. ಕಡಲತೀರದ ಮರಳು ತೆಗೆಯುವುದಕ್ಕೂ ಕರಾವಳಿ ನಿಯಂತ್ರಣ ವಲಯದ ನಿಯಮಗಳ ನಿರ್ಬಂಧವಿದೆ. ಅಂಗಡಿಯಲ್ಲಿ ಕೊಳ್ಳುವಾಗ ರಸೀದಿ ಪಡೆದು, ಎಲ್ಲಿಯ ಮಾಲು ಎಂದು ಕೇಳುವುದು ಒಳ್ಳೆಯದು.

ಕಡಿಮೆ ಖರ್ಚಿನ ಒಂದು ದಾರಿಯಿದೆ. ಕೋಳಿಗಳಿಗೆ ಸುಣ್ಣದಂಶಕ್ಕಾಗಿ ಮಾರುವ ಚಿಪ್ಪಿನ ನುಚ್ಚು ತೆಳು ಹಾಸಿಗೆ ಆಗುತ್ತದೆ. ಬೇರಾವ ಖನಿಜ ಮಿಶ್ರಣವೂ ಸೇರಿರದ ಬರಿಯ ಚಿಪ್ಪನ್ನೇ ಕೊಳ್ಳಬೇಕು. ಅದನ್ನು ಜರಡಿ ಹಿಡಿದು, ಗೋಣಿಚೀಲದಲ್ಲಿ ಹಾಕಿ ಚೆನ್ನಾಗಿ ಉಜ್ಜಿ ಚೂಪು ಅಂಚುಗಳನ್ನು ಸವೆಸಿ, ಕುದಿಸಿ, ಹಲವು ನೀರಿನಲ್ಲಿ ತೊಳೆಯಬೇಕು. ಮರಳಿನಲ್ಲಿ ಹೂತುಕೊಳ್ಳುವ ಮೀನುಗಳಿಗೆ ಮಾತ್ರ ಇದು ಒರಟಾದೀತು.

ಎಷ್ಟು ದಪ್ಪ ಹಾಕಬೇಕು?

ಇಡೀ ವಿಷಯದಲ್ಲಿ ಇದೇ ಮುಖ್ಯ. ಹಾಸು ತೆಳುವಾಗಿರಲಿ, ಇಲ್ಲವೆ ದಪ್ಪವಾಗಿರಲಿ, ನಡುವಿನದು ಬೇಡ.

ತೆಳು ಹಾಸು ಎಂದರೆ ಅರ್ಧದಿಂದ ಒಂದು ಅಂಗುಲ. ಇದರಲ್ಲಿ ಎಲ್ಲ ಕಡೆ ಆಮ್ಲಜನಕ ಓಡಾಡುತ್ತದೆ. ಅಮೋನಿಯಾ ನೈಟ್ರೇಟ್ ಆಗುತ್ತದೆ, ಆದರೆ ನೈಟ್ರೇಟ್ ಅನಿಲವಾಗುವುದು ಅತ್ಯಲ್ಪ. ಅದನ್ನು ನೀರು ಬದಲಿಸಿ ಹೊರಹಾಕಬೇಕು. ಈ ಹಾಸನ್ನು ಶುಚಿಮಾಡುವುದು ಸಾಕುವವರ ಕೆಲಸ.

ದಪ್ಪ ಹಾಸು ಎಂದರೆ ನಾಲ್ಕರಿಂದ ಆರು ಅಂಗುಲ. ಇದರಲ್ಲಿ ಮೇಲೆ ಕಂದು, ಕೆಳಗೆ ಕಪ್ಪು, ಎರಡೂ ಪದರಗಳಾಗಿ ನೈಟ್ರೇಟ್ ತಾನಾಗಿ ಹೋಗುತ್ತದೆ. ಇದನ್ನು ಶುಚಿಮಾಡುವುದು ಒಳಗಿನ ಹುಳುಹುಪ್ಪಟೆಗಳ ಕೆಲಸ, ಸಾಕುವವರು ಕೈಯಿಡಬಾರದು.

ಎರಡರಿಂದ ಮೂರು ಅಂಗುಲದ ಒರಟು ಮರಳು ಹಾಕಿದರೆ ಎರಡು ಕಡೆಯೂ ನಷ್ಟ. ಶುಚಿಮಾಡಲು ಅದು ದಪ್ಪ. ನೈಟ್ರೇಟ್ ಕಳೆಯಲು ತೆಳು. ಕೊಳೆ ಮಾತ್ರ ಸೇರುತ್ತ ಹೋಗುತ್ತದೆ.

ಈ ಎರಡು ದಾರಿಗಳ ಹಿಂದೆ ಹಲವರ ಅನುಭವವಿದೆ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬವರು ಸಮುದ್ರದ ಜೀವಂತ ಕಲ್ಲು ಮತ್ತು ಗಾಳಿಗುಳ್ಳೆಗಳಿಂದಲೇ ತೊಟ್ಟಿಯನ್ನು ನಡೆಸುವ ಕ್ರಮವನ್ನು ಬರೆದು ತಿಳಿಸಿದರು. 1980ರ ದಶಕದಲ್ಲಿ ಫ್ರಾನ್ಸಿನ ಜ್ಯಾಂ ಜೋಬೆರ್ ಎಂಬ ವಿಜ್ಞಾನಿ ದಪ್ಪ ಮರಳಿನ ಕೆಳಗೆ ಜಾಲರಿಯಿಟ್ಟು ನೀರಿನ ಖಾಲಿ ಜಾಗ ಬಿಡುವ ವಿಧಾನವನ್ನು ರೂಪಿಸಿದರು. 1990ರ ದಶಕದಲ್ಲಿ ಅಮೆರಿಕದ ಜೀವಶಾಸ್ತ್ರಜ್ಞ ರೊನಾಲ್ಡ್ ಶಿಮೆಕ್ ಖಾಲಿ ಜಾಗವಿಲ್ಲದೆ, ನಯವಾದ ಮರಳು ಮತ್ತು ಅದರಲ್ಲಿನ ಜೀವಿಗಳನ್ನೇ ನಂಬಿದ ದಪ್ಪ ಹಾಸನ್ನು ಪ್ರಚಾರಕ್ಕೆ ತಂದರು.

ಇನ್ನು ತೂಕದ ಲೆಕ್ಕ. ತೊಟ್ಟಿಯ ಉದ್ದ 120 ಸೆಂ.ಮೀ., ಅಗಲ 45 ಸೆಂ.ಮೀ., ಎತ್ತರ 60 ಸೆಂ.ಮೀ. ಎಂದಿಟ್ಟುಕೊಳ್ಳಿ. 2.5 ಸೆಂ.ಮೀ. ಹಾಸಿಗೆ 13.5 ಲೀಟರ್ ಮರಳು ಬೇಕು. ಲೀಟರಿಗೆ ಒಂದೂವರೆ ಕಿಲೋ ಹಿಡಿದರೆ ಸುಮಾರು 20 ಕಿಲೋ. 12 ಸೆಂ.ಮೀ. ಹಾಸಿಗೆ ಸುಮಾರು 65 ಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಕ್ವಿಂಟಲ್. ನೀರು, ಕಲ್ಲು, ಗಾಜು ಸೇರಿದರೆ ಒಟ್ಟು ಭಾರ ನಾಲ್ಕು ಕ್ವಿಂಟಲ್ ಮೀರುತ್ತದೆ. ಅಡಿಯ ಸ್ಟ್ಯಾಂಡು, ನೆಲ ಎರಡೂ ಇದನ್ನು ತಡೆಯಬೇಕು.

ಹೊಸದಾಗಿ ಆರಂಭಿಸುವವರಿಗೆ ತೆಳು ಹಾಸೇ ಸೂಕ್ತ. ದಪ್ಪ ಹಾಸಿನ ಅನುಕೂಲ ಬೇಕೆನಿಸಿದರೆ, ಆಹಾರ ತುಂಬಲು ಯೋಗ್ಯವಾದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆಯಾಗಿ ಮರಳು ಹಾಕಿ, ಅದರ ಮೇಲ್ಭಾಗದಲ್ಲಿ ತೊಟ್ಟಿಯ ನೀರು ಸದಾ ಹರಿದುಬರುವಂತೆ ಮಾಡಬಹುದು. ಏನಾದರೂ ಕೆಟ್ಟರೆ ಡ್ರಮ್ಮಿನ ಸಂಪರ್ಕ ತಪ್ಪಿಸಿದರಾಯಿತು, ಮೀನು ಉಳಿಯುತ್ತದೆ.

ಮರಳು ಹಾಕುವ ಕ್ರಮ

ಮರಳನ್ನು ಬಕೆಟ್ಟಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಸಾಬೂನು ಸೋಕಬಾರದು. ದೊಡ್ಡ ಕಲ್ಲುಗಳನ್ನು ಮೊದಲು ತಳದಲ್ಲಿ ಭದ್ರವಾಗಿ ಕೂರಿಸಿ, ಅನಂತರ ಸುತ್ತಲೂ ಮರಳು ಹಾಕಬೇಕು. ಮರಳಿನ ಮೇಲೆ ಕಲ್ಲಿಟ್ಟರೆ ಬಿಲ ತೋಡುವ ಮೀನು, ಸಿಗಡಿಗಳು ಅಡಿಯನ್ನು ಕೊರೆದು ಕಲ್ಲನ್ನು ಉರುಳಿಸುತ್ತವೆ. ಗಾಜು ಒಡೆಯುವುದೂ ಉಂಟು. ಮರಳಿನ ಮೇಲೆ ಒಂದು ತಟ್ಟೆಯಿಟ್ಟು ಅದರ ಮೇಲೆ ನಿಧಾನವಾಗಿ ಉಪ್ಪುನೀರು ಸುರಿದರೆ ಬಗ್ಗಡ ಏಳುವುದಿಲ್ಲ.

ಹೆಪ್ಪಿಲ್ಲದೆ ಹಾಲು ಮೊಸರಾಗದು. ರೋಗವಿಲ್ಲದ ಹಳೆಯ ತೊಟ್ಟಿಯ ಮೇಲ್ಪದರದಿಂದ ಒಂದೆರಡು ಬಟ್ಟಲು ಹಸಿ ಮರಳನ್ನು ತಂದು ಹೊಸ ಹಾಸಿನ ಮೇಲೆ ಹರಡಿದರೆ ಬೇಕಾದ ಜೀವಿಗಳು ಬೇಗ ಬೆಳೆಯುತ್ತವೆ. ಆದರೂ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕಾಯಬೇಕು. ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ಮೇಲೆಯೇ ಮೀನು ಬಿಡಬೇಕು, ಅದೂ ಒಂದೆರಡಾಗಿ. ಮೊದಲ ವಾರಗಳಲ್ಲಿ ಮರಳಿನ ಮೇಲೆ ಕಂದು ಪುಡಿಯಂತಹ ಪಾಚಿ ಕಂಡರೆ ಗಾಬರಿ ಬೇಡ, ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ.

ಆರೈಕೆ

ತೆಳು ಹಾಸಿನವರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ನೀರು ಬದಲಿಸುವಾಗ ಅಗಲ ಬಾಯಿಯ ಕೊಳವೆಯನ್ನು ಮರಳಿಗೆ ಊರಿ ಕೊಳೆ ಹೀರಿ ತೆಗೆಯಬೇಕು. ಒಂದು ಸಲಕ್ಕೆ ಮೂರನೆಯ ಒಂದು ಭಾಗ ಮಾತ್ರ. ಒಂದೇ ದಿನ ಎಲ್ಲವನ್ನೂ ತೊಳೆದರೆ ಉಪಕಾರಿ ಜೀವಿಗಳು ಕಡಿಮೆಯಾಗಿ ಅಮೋನಿಯಾ ಏರುತ್ತದೆ.

ದಪ್ಪ ಹಾಸಿನವರು ಮೇಲೆ ಬಿದ್ದ ಕೊಳೆಯನ್ನಷ್ಟೇ ಹೀರಬೇಕು. ಅರ್ಧ ಸೆಂಟಿಮೀಟರಿಗಿಂತ ಕೆಳಗೆ ಕೊಳವೆ ಇಳಿಸಬಾರದು. ಹೊಲದಲ್ಲಿ ಎರೆಹುಳು ಮಾಡುವ ಕೆಲಸವನ್ನು ಇಲ್ಲಿ ಮುಳ್ಳುಗೂದಲಿನ ಸಣ್ಣ ಹುಳುಗಳು ಮತ್ತು ಮರಳಿನಲ್ಲಿ ಅಡಗುವ ಚಿಕ್ಕ ಶಂಖದ ಹುಳುಗಳು ಮಾಡುತ್ತವೆ. ಇವುಗಳನ್ನು ಕೊಲ್ಲುವ ಔಷಧವನ್ನು, ಮುಖ್ಯವಾಗಿ ತಾಮ್ರದ ಔಷಧವನ್ನು, ಮರಳಿರುವ ತೊಟ್ಟಿಗೆ ಹಾಕಲೇಬಾರದು. ರೋಗ ಬಂದ ಮೀನನ್ನು ಬರಿಯ ತಳದ ತೊಟ್ಟಿಗೆ ತೆಗೆದು ಉಪಚರಿಸಬೇಕು. ಮರಳು ಶುಚಿಗೆ ಹೆಸರಾದ ಸಮುದ್ರ ಸೌತೆಗಳೂ 2001ರಿಂದ ಕಾಯ್ದೆಯ ರಕ್ಷಣೆಯಲ್ಲಿವೆ. ಅವುಗಳನ್ನು ಸಮುದ್ರದಿಂದ ಹಿಡಿದು ತರಬಾರದು.

ಎರಡು ಬಗೆಗೂ ಸಾಮಾನ್ಯವಾದ ಮಾತು ಮೇವಿನದು. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕಿ. ಮರಳು ಕೆಡುವುದಕ್ಕೆ ಹೆಚ್ಚಾಗಿ ಕಾರಣ ಮರಳಲ್ಲ, ಮೇವು ಹಾಕುವ ಕೈ. ನೈಟ್ರೇಟ್ ಲೀಟರಿಗೆ 20 ಮಿ.ಗ್ರಾಂ ಒಳಗಿರುವಂತೆ ನೋಡಿಕೊಳ್ಳುವುದು ಕ್ಷೇಮ.

ವಿದ್ಯುತ್ ಕಡಿತವನ್ನೂ ಮರೆಯಬಾರದು. ಪಂಪು ನಿಂತರೂ ಮರಳಿನ ಜೀವಿಗಳು ಆಮ್ಲಜನಕ ಬಳಸುವುದನ್ನು ನಿಲ್ಲಿಸುವುದಿಲ್ಲ. ಹಾಸು ದಪ್ಪವಾದಷ್ಟೂ ಅಪಾಯ ಬೇಗ. ಮಳೆಗಾಲಕ್ಕೆ ಮುಂಚೆಯೇ ಬ್ಯಾಟರಿಯಿಂದ ನಡೆಯುವ ಗಾಳಿಪಂಪನ್ನು ತಂದಿಟ್ಟುಕೊಳ್ಳಬೇಕು.

ಅಪಾಯದ ಗುರುತುಗಳು

ಗಾಜಿನ ಬದಿಯಿಂದ ನೋಡಿದಾಗ ಕೆಳಪದರದಲ್ಲಿ ಕಪ್ಪು ಕಲೆ ಕಂಡ ಮಾತ್ರಕ್ಕೆ ಹಾಸು ಕೆಟ್ಟಿತೆಂದಲ್ಲ. ಮರಳಿನೊಳಗೆ ಸಣ್ಣ ಗುಳ್ಳೆಗಳು ಕಂಡರೆ ಅದು ಬಹುಮಟ್ಟಿಗೆ ಸಾರಜನಕ, ಒಳ್ಳೆಯ ಲಕ್ಷಣವೇ. ಆದರೆ ಕಪ್ಪು ಮೇಲ್ಪದರದವರೆಗೆ ಏರಿದರೆ, ಮರಳು ಗಾರೆಯಂತೆ ಗಟ್ಟಿಯಾದರೆ, ಹುಳುಗಳೆಲ್ಲ ಮರಳು ಬಿಟ್ಟು ಗಾಜು ಹತ್ತಿದರೆ, ನೀರಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಚ್ಚರಗೊಳ್ಳಬೇಕು.

ಹಾಸು ಆಕಸ್ಮಿಕವಾಗಿ ಕದಡಿಹೋಯಿತೆನ್ನಿ. ಮರಳನ್ನು ಸರಿಪಡಿಸಲು ಹೋಗದೆ ಮೊದಲು ಮೀನುಗಳನ್ನು ಬೇರೆ ಉಪ್ಪುನೀರಿಗೆ ವರ್ಗಾಯಿಸಿ. ತೊಟ್ಟಿಗೆ ಜೋರಾಗಿ ಗಾಳಿ ಹಾಯಿಸಿ, ಅರ್ಧದಷ್ಟು ನೀರು ಬದಲಿಸಿ, ಶೋಧಕದಲ್ಲಿ ಸಕ್ರಿಯ ಇದ್ದಿಲು ಇಡಿ. ಇದಕ್ಕಾಗಿ ಒಂದು ಡ್ರಮ್ ಉಪ್ಪುನೀರು ಮನೆಯಲ್ಲಿ ಸದಾ ಸಿದ್ಧವಿರಲಿ.

ವರ್ಷಗಳು ಕಳೆದಂತೆ ಹಾಸಿನಲ್ಲಿ ರಂಜಕವೂ ಸೇರುತ್ತದೆ. ದಪ್ಪ ಹಾಸು ಹಳತಾಯಿತೆನಿಸಿದಾಗ, ಮೀನುಗಳನ್ನು ಬೇರೆಡೆಗೆ ತೆಗೆದಿಟ್ಟು, ನಾಲ್ಕನೆಯ ಒಂದು ಭಾಗದ ಮರಳನ್ನು ಕದಡದಂತೆ ಕೊಳವೆಯಿಂದ ಹೀರಿ ಹೊರಹಾಕಿ ಹೊಸ ಮರಳು ತುಂಬಬೇಕು. ಎರಡು ತಿಂಗಳ ಅಂತರ ಕೊಟ್ಟು ಇನ್ನೊಂದು ಭಾಗ. ಮನೆ ಬದಲಿಸುವಾಗ ಹಳೆಯ ದಪ್ಪ ಹಾಸನ್ನು ಹಾಗೆಯೇ ಸಾಗಿಸಬಾರದು. ಅಲ್ಲಾಡಿದ ಹಾಸೂ ಕೆದಕಿದ ಹಾಸೂ ಒಂದೇ.

ಹೆಚ್ಚಿನ ಸಲಹೆಗೆ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವನ್ನಾಗಲಿ, ಕಾರವಾರ ಮತ್ತು ಮಂಗಳೂರಿನಲ್ಲಿರುವ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳನ್ನಾಗಲಿ ಸಂಪರ್ಕಿಸಬಹುದು. ಬಂಡವಾಳ ಹಾಕುವ ಮುನ್ನ ಕೊಳ್ಳುವವರು ಯಾರೆಂಬುದನ್ನೂ ತಿಳಿದುಕೊಳ್ಳಿ.

ಬಾಂಧವರೇ, ಉತ್ತು ಹದಮಾಡಿದಷ್ಟೂ ಹೊಲ ಒಳ್ಳೆಯದೆಂದು ನಂಬಿ ಬಂದವರು ನಾವು. ತೊಟ್ಟಿಯ ತಳದಲ್ಲಿರುವುದೂ ಒಂದು ಹೊಲವೇ. ಆದರೆ ದಪ್ಪ ಹಾಸು ಉಳುಮೆ ಬೇಡದ ಹೊಲ. ತೆಳುವಾದರೆ ಮೂರನೆಯ ಒಂದು ಭಾಗದಂತೆ ತೊಳೆಯಿರಿ, ದಪ್ಪವಾದರೆ ಮುಟ್ಟಬೇಡಿ. ಈ ಮಾತನ್ನು ತೊಟ್ಟಿ ನೋಡಿಕೊಳ್ಳುವವರಿಗೆ ಮಾತ್ರವಲ್ಲ, ಹಬ್ಬದ ಮುಂಚೆ ಮನೆ ತೊಳೆಯುವವರಿಗೂ ಹೇಳಿಡಿ.